ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳಿಸದ ಮನೆಯಲ್ಲಿ ಬೆಳೆದವರು ಇಲ್ಲಿ ಯಾರಾದರೂ ಇದ್ದೀರಾ?

ಒಂಟಿಕೊಪ್ಪಲು ಮಗಳು

ಹೋದ ವಾರ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಅಮ್ಮನ ಜೊತೆ ಟೋಕನ್ ಹಿಡಿದು ಕೂತಿದ್ದೆ. ಎದುರು ಬೆಂಚಿನಲ್ಲಿ ಒಬ್ಬ ಹುಡುಗ. ಒಂಬತ್ತೋ ಹತ್ತೋ ವರ್ಷ ಇರಬಹುದು, ಸ್ಕೂಲ್ ಯೂನಿಫಾರ್ಮ್‌ನಲ್ಲೇ ಬಂದಿದ್ದ. ಅವನ ಅಮ್ಮ ಸೈನ್ ಮಾಡುತ್ತಿದ್ದರು, ಅಂದರೆ ಕೈಸನ್ನೆಯ ಭಾಷೆಯಲ್ಲಿ ಮಾತಾಡುತ್ತಿದ್ದರು, ಅವನು ನರ್ಸ್‌ಗೆ ಕನ್ನಡದಲ್ಲಿ ಹೇಳುತ್ತಿದ್ದ. ನರ್ಸ್ ಏನೋ ಒಂದು ಕೇಳಿದರು. ಹುಡುಗನ ಕೈ ಅರ್ಧಕ್ಕೇ ನಿಂತಿತು. ಅಮ್ಮನ ಮುಖ ನೋಡಿದ, ನೆಲ ನೋಡಿದ. ಆಮೇಲೆ ಚಿಕ್ಕದಾಗಿ ಒಂದು ಸನ್ನೆ ಮಾಡಿ ಮುಗಿಸಿಬಿಟ್ಟ. ನರ್ಸ್ ಕೇಳಿದ್ದು ಅದಲ್ಲ.

ಅಲ್ಲಿದ್ದವರಲ್ಲಿ ಅದು ಗೊತ್ತಾಗಿದ್ದು ನನಗೊಬ್ಬಳಿಗೇ. ಆವತ್ತಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಪ್ಪ ಅಮ್ಮ ಇಬ್ಬರೂ ಹುಟ್ಟಿನಿಂದ ಡೆಫ್. ನಾನು ಒಬ್ಬಳೇ ಮಗಳು, ನನಗೆ ಕೇಳಿಸುತ್ತದೆ. ನಮ್ಮಂಥವರಿಗೆ 'ಕೋಡಾ' ಅಂತ ಹೆಸರಿದೆ ಎಂದು ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ. ಚೈಲ್ಡ್ ಆಫ್ ಡೆಫ್ ಅಡಲ್ಟ್ಸ್. 1983ರಲ್ಲಿ ಅಮೆರಿಕದಲ್ಲಿ ಮಿಲಿ ಬ್ರದರ್ ಎಂಬುವವರು, ಅವರೂ ಡೆಫ್ ಅಪ್ಪ ಅಮ್ಮನ ಮಗಳೇ, ಆ ಹೆಸರಿನಲ್ಲಿ ಸಂಘ ಕಟ್ಟಿದರಂತೆ. ನನಗೆ ಆಗ ಅನಿಸಿದ್ದು ಒಂದೇ. ಅಯ್ಯೋ, ಹೆಸರಿಡುವಷ್ಟು ಜನ ಇದ್ದೇವಾ!

ಅಪ್ಪ ಪ್ರೆಸ್‌ನಲ್ಲಿ ಕಂಪೋಸಿಟರ್. ಮೊಳೆ ಜೋಡಿಸುವ ಕೆಲಸ. ಅಕ್ಷರಗಳನ್ನು ತಿರುವು ಮುರುವಾಗಿ ಸರಸರ ಜೋಡಿಸುತ್ತಿದ್ದರು, ಒಂದು ಒತ್ತಕ್ಷರ ತಪ್ಪುತ್ತಿರಲಿಲ್ಲ. ಊರಿನ ಅರ್ಧ ಮದುವೆ ಕಾಗದ ಅವರ ಕೈಯಿಂದಲೇ ಹೋಗಿದೆ. ಆದರೆ ಅದರಲ್ಲಿರುವ ಎಷ್ಟೋ ಮಾತಿನ ಅರ್ಥ ಅವರಿಗೆ ಗೊತ್ತಿರಲಿಲ್ಲ. ಸಂಜೆ ಮನೆಗೆ ಬಂದು ಪ್ರೂಫ್ ಹಾಳೆ ತೋರಿಸಿ 'ಇದು ಏನು' ಎಂದು ಕೇಳುತ್ತಿದ್ದರು. ಕಿವಿಯಿಂದ ಕನ್ನಡ ಒಳಗೆ ಹೋಗದವರಿಗೆ ಬರೆದ ಕನ್ನಡವೂ ಹೊರಗಿನ ಭಾಷೆಯೇ. 'ಕೇಳಿಸದಿದ್ದರೆ ಏನಂತೆ, ಬರೆದು ತೋರಿಸಿ' ಎನ್ನುವವರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ.

ಅಮ್ಮ ಮನೆಯಲ್ಲೇ ಟೈಲರಿಂಗ್. ಕುಕ್ಕರ್ ಕೂಗಿದರೆ ನಾನು ಮೂರು ಬೆರಳು ತೋರಿಸಬೇಕು. ನಾನು ಸ್ಕೂಲಿಗೆ ಹೋದಾಗ ಅವರು ಕುಕ್ಕರ್ ಪಕ್ಕದ ಕಟ್ಟೆ ಮೇಲೆ ಅಂಗೈ ಇಟ್ಟು ಎಣಿಸುತ್ತಿದ್ದರು. ಬಾಗಿಲು ತಟ್ಟಿದರೆ ಲೈಟ್ ಸ್ವಿಚ್ ಹಾಕಿ ಆರಿಸಿ ಕರೆಯುತ್ತಿದ್ದೆ. ಕರೆಂಟ್ ಹೋದರೆ ನಮ್ಮನೆಯಲ್ಲಿ ಮಾತೇ ಹೋಗುತ್ತಿತ್ತು. ಬೆಂಕಿಪೊಟ್ಟಣ ಸಿಗುವ ತನಕ ಅಮ್ಮ ನನ್ನ ಅಂಗೈ ಹಿಡಿದು ಅದರೊಳಗೇ ಸನ್ನೆ ಮಾಡುತ್ತಿದ್ದರು. ಭಾನುವಾರ ಅಪ್ಪನ ಗೆಳೆಯರು ಸೇರಿದರೆ ರಾತ್ರಿ ಹತ್ತಾದರೂ ಹೋಗುತ್ತಿರಲಿಲ್ಲ. ಎಲ್ಲರೂ ನಮ್ಮ ಬೀದಿಯ ಲೈಟ್ ಕಂಬದ ಕೆಳಗೆ. ಕತ್ತಲೆಯಲ್ಲಿ ಕೈ ಕಾಣಲ್ಲ ಅಲ್ವಾ, ಅದಕ್ಕೆ. ಹತ್ತು ಹನ್ನೆರಡು ಗಂಡಸರು, ಅಷ್ಟೊಂದು ಮಾತು, ನಡುನಡುವೆ ಗಟ್ಟಿ ನಗು. ಅದು ನನ್ನ ಬಾಲ್ಯದ ಅತ್ಯಂತ ಸುಂದರ ದೃಶ್ಯ.

ಈಗ ಹೇಳಬೇಕಾದ್ದು ಹೇಳುತ್ತೇನೆ. 1996. ನನಗೆ ಹನ್ನೊಂದು. ಅಮ್ಮನಿಗೆ ರಕ್ತ ಹೋಗುವುದು ನಿಲ್ಲುತ್ತಿರಲಿಲ್ಲ. ಡಾಕ್ಟರ್ ನನ್ನನ್ನು ಎದುರಿಗೆ ನಿಲ್ಲಿಸಿ ಎಲ್ಲ ಕೇಳಿದರು. ತಿಂಗಳಿಗೆ ಎಷ್ಟು ದಿನ, ಎಷ್ಟು ಬಟ್ಟೆ. ನನಗೆ ಇನ್ನೂ ಮುಟ್ಟು ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಕೊನೆಗೆ ಅವರು 'ಗರ್ಭಕೋಶ ತೆಗೀಬೇಕು, ಅಮ್ಮನಿಗೆ ಹೇಳಮ್ಮ' ಎಂದರು. ಆ ಪದವೇ ನನಗೆ ಹೊಸದು. ನಾಚಿಕೆಯಿಂದ ಮತ್ತೆ ಕೇಳಲಿಲ್ಲ. ಅಮ್ಮನಿಗೆ ಹೇಳಿದ್ದು ಇಷ್ಟು: ಹೊಟ್ಟೆ, ಒಳಗೆ, ಕೆಟ್ಟದ್ದು ಇದೆ, ಕತ್ತರಿಸಿ ಬಿಸಾಕುತ್ತಾರೆ, ಆಮೇಲೆ ಹುಷಾರು. ಅಮ್ಮ ತಲೆಯಾಡಿಸಿ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿದರು.

ಆಪರೇಷನ್ ಆದ ಮೇಲೆ ಎರಡು ವರ್ಷ ಅಮ್ಮ ನನಗೊಂದು ತಮ್ಮನೋ ತಂಗಿಯೋ ಆಗಬಹುದು ಎಂದು ಕಾದರು. ಒಂದು ಭಾನುವಾರ ಅಪ್ಪನ ಗೆಳೆಯರ ಹೆಂಡತಿಯೊಬ್ಬರು ಹೊಟ್ಟೆಯ ಮೇಲಿನ ಹೊಲಿಗೆ ನೋಡಿ ವಿಚಾರಿಸಿ, ವಿಷಯ ಬಿಡಿಸಿ ಹೇಳಿದರು. ಅಮ್ಮ ನನ್ನ ಮೇಲೆ ಕೈ ಎತ್ತಲಿಲ್ಲ. ನಲ್ಲಿ ಹತ್ತಿರ ಹೋಗಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನೆಲ್ಲ ಇನ್ನೊಂದು ಸಲ ತೊಳೆದರು.

ನನಗೆ ಈಗ ನಲವತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಮುಂದಿನ ತಿಂಗಳು ಅಮ್ಮನಿಗೆ ಮತ್ತೆ ಸ್ಕ್ಯಾನ್ ಇದೆ. ಮತ್ತೆ ನಾನೇ ನಡುವೆ ನಿಲ್ಲಬೇಕು. ನೀವು ಹೇಗೆ ನಿಭಾಯಿಸಿದಿರಿ? ನಾನು ನಿಲ್ಲದೇ ಇರುವ ದಾರಿ ಏನಾದರೂ ಇದೆಯಾ?

ಹುಬ್ಬಳ್ಳಿ ಹಳೇಪೇಟೆ

ಅಕ್ಕಾ, ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟು ಕೂತೆ. ನಮ್ಮ ಅಪ್ಪ, ಅವ್ವ ಇಬ್ಬರೂ ಡೆಫ್. ನನ್ನ ಹಿಂದೆ ಇಬ್ಬರು ತಂಗಿಯರು. ಹಿರಿಯ ಮಗ ನಾನೇ ಆದ್ದರಿಂದ ಮನೆಯ ಬಾಯಿ ನಾನೇ.

ಬ್ಯಾಂಕಿನವರು ಫೋನ್ ಮಾಡಿದರೆ 'ಅಕೌಂಟ್ ಇರುವವರೇ ಮಾತಾಡಬೇಕು' ಎನ್ನುತ್ತಿದ್ದರು. ಹದಿಮೂರು ವರ್ಷದ ನಾನು ದನಿ ದಪ್ಪ ಮಾಡಿ ಅಪ್ಪನಾಗಿ ಮಾತಾಡುತ್ತಿದ್ದೆ. ಮನೆ ಮಾಲೀಕ ಬಾಡಿಗೆ ಏರಿಸಲು ಬಂದಾಗ ಚೌಕಾಸಿ ಮಾಡಿದ್ದೂ ನಾನೇ. ಆವತ್ತು ಅವನು ನಮ್ಮಪ್ಪನನ್ನು ನೋಡುತ್ತಾ, ನಗುನಗುತ್ತಾ, ಕೆಟ್ಟ ಬೈಗುಳ ಬೈದ. ಅಪ್ಪನೂ ನಕ್ಕ, ಒಳ್ಳೆ ಮಾತು ಅಂತ ತಿಳಿದು. ನಾನು ಆ ಬೈಗುಳವನ್ನು ಅಪ್ಪನಿಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಅದು ನನ್ನೊಳಗೇ ಇದೆ.

ನೀವು ಹನ್ನೊಂದು ವರ್ಷದವರು. ಗೊತ್ತಿಲ್ಲದ ಪದವನ್ನು ಯಾರು ತಾನೇ ಹೇಳಲು ಆಗುತ್ತದೆ? ತಪ್ಪು ನಿಮ್ಮದಲ್ಲ ಅಕ್ಕಾ. ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಅಂಥಾ ಮಾತು ಹೇಳಿದವರದ್ದು.

ತುಮಕೂರು ತೆಂಗಿನತೋಟ

ನೋವಾಗಿದ್ದರೆ ಕ್ಷಮಿಸಿ, ಆದರೆ ನನಗೊಂದು ಮಾತು ಹೇಳಬೇಕು ಅನಿಸುತ್ತಿದೆ. ನಮ್ಮ ಊರಿನಲ್ಲಿ ಓದು ಬರದ ಅಪ್ಪ ಅಮ್ಮನಿಗೆ ಮಕ್ಕಳೇ ಫಾರಂ ತುಂಬುತ್ತಾರೆ, ತಾಲ್ಲೂಕು ಆಫೀಸಿಗೆ ಜೊತೆಗೆ ಹೋಗುತ್ತಾರೆ. ನಾನೂ ಮಾಡಿದ್ದೇನೆ. ಅದರಿಂದ ಜವಾಬ್ದಾರಿ ಬರುತ್ತದೆ. ಮನೆ ಅಂದ ಮೇಲೆ ಮಕ್ಕಳು ಆಸರೆ ಆಗುವುದು ಸಹಜ ಅಲ್ವಾ? ಸೈನ್ ಮಾತನ್ನು ಅನುವಾದಿಸುವ ಹೊರಗಿನ ಒಬ್ಬ ಇಂಟರ್‌ಪ್ರಿಟರ್ ಬಂದು ಮನೆಯ ಗುಟ್ಟೆಲ್ಲ ಕೇಳಿಸಿಕೊಳ್ಳುವುದಕ್ಕಿಂತ ಮಗಳೇ ಮೇಲಲ್ವಾ?

ಒಂಟಿಕೊಪ್ಪಲು ಮಗಳು

ತೆಂಗಿನತೋಟ ಅವರೇ, ನೋವೇನೂ ಇಲ್ಲ. ಹಾಲಿನವನ ಲೆಕ್ಕ, ಬಸ್ ನಂಬರ್, ರೇಷನ್ ಅಂಗಡಿ, ಇವೆಲ್ಲ ನಾನೂ ಸಂತೋಷದಿಂದಲೇ ಮಾಡಿದೆ. ಸ್ಕೂಲಿನಲ್ಲಿ ಬೇರೆ ಮಕ್ಕಳು ರಸ್ತೆ ದಾಟಲು ಹೆದರುವ ವಯಸ್ಸಿಗೆ ನಾನು ಅಪ್ಪನ ಜೊತೆ ಸಂತೇಪೇಟೆಯಲ್ಲಿ ವ್ಯಾಪಾರ ಮಾಡುತ್ತಿದ್ದೆ. ಅದರ ಹೆಮ್ಮೆ ನನಗಿದೆ.

ಆದರೆ ನೀವು ಫಾರಂ ತುಂಬುವಾಗ ನಿಮ್ಮ ಅಪ್ಪ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ಆಫೀಸಿನವರು ಏನಂದರು ಎಂದು ಅವರಿಗೆ ಗೊತ್ತಾಗುತ್ತಿತ್ತು. ನೀವು ತಪ್ಪು ಹೇಳಿದರೆ 'ಏಯ್, ಹಾಗಲ್ಲ' ಎನ್ನುತ್ತಿದ್ದರು. ನನ್ನ ಅಮ್ಮನಿಗೆ ನಾನು ಬಿಟ್ಟ ಮಾತು ಬಿಟ್ಟೇ ಹೋಯಿತು. ಅದು ಇತ್ತು ಎಂದು ಕೂಡ ಗೊತ್ತಾಗಲಿಲ್ಲ. ಗುಟ್ಟಿನ ವಿಷಯ ಹೇಳಿದಿರಿ. ಅಮ್ಮನ ಮುಟ್ಟಿನ ವಿಷಯ ಅಮ್ಮನ ಗುಟ್ಟು. ಅದನ್ನು ಹನ್ನೊಂದು ವರ್ಷದ ಮಗಳ ಬಾಯಿಂದ ಹೇಳಿಸುವಾಗ ಅವರಿಗೆ ಎಷ್ಟು ಮುಜುಗರ ಆಗಿರಬೇಕು, ಯೋಚಿಸಿ.

ತುಮಕೂರು ತೆಂಗಿನತೋಟ

ಈ ದಿಕ್ಕಿನಿಂದ ಯೋಚಿಸಿರಲಿಲ್ಲ. ನೀವು ಹೇಳಿದ್ದು ಸರಿ.

ಶಿರಸಿ ಮೊಮ್ಮಗಳು

ನೀವೆಲ್ಲ ಮಧ್ಯೆ ನಿಂತ ಕಷ್ಟ ಹೇಳುತ್ತಿದ್ದೀರಿ. ನನ್ನದು ಅದರ ಉಲ್ಟಾ. ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ನನಗೆ ಎರಡೂವರೆ ವರ್ಷ ಇದ್ದಾಗ ಅಜ್ಜಿ ಬಂದು ನನ್ನನ್ನು ಕರೆದುಕೊಂಡು ಹೋದರು. 'ಈ ಮನೆಯಲ್ಲಿ ಮಾತೇ ಇಲ್ಲ, ಕೂಸೂ ಮೂಗಿ ಆಗುತ್ತದೆ' ಎಂದು. ಎಲ್ಲರೂ ಅದೇ ಸರಿ ಎಂದರು. ಅಮ್ಮನನ್ನು ಯಾರೂ ಕೇಳಲಿಲ್ಲ. ಕೇಳುವ ಭಾಷೆಯೇ ಅಜ್ಜಿಗೆ ಬರುತ್ತಿರಲಿಲ್ಲ, ಹೆತ್ತ ಮಗಳಾದರೂ. ಬಾ, ಹೋಗು, ಉಣ್ಣು, ಇಷ್ಟೇ ಸನ್ನೆ ಅವರ ಮಧ್ಯೆ.

ನಾನು ಚೆನ್ನಾಗಿ ಬೆಳೆದೆ. ಭಾಷಣದಲ್ಲಿ ಬಹುಮಾನ ಎಲ್ಲ ಬಂತು. ರಜೆಯಲ್ಲಿ ಅಮ್ಮ ಬರುತ್ತಿದ್ದರು. ಬಸ್ಸಿಳಿದ ಕೂಡಲೇ ನನ್ನ ಗಲ್ಲ ಹಿಡಿದು ಕೈಯಲ್ಲಿ ಏನೇನೋ ಹೇಳುತ್ತಿದ್ದರು, ಎಷ್ಟೊಂದು ಹೇಳುತ್ತಿದ್ದರು. ನನಗೆ ಒಂದೂ ಗೊತ್ತಾಗುತ್ತಿರಲಿಲ್ಲ. ಸುಮ್ನೆ ತಲೆಯಾಡಿಸುತ್ತಿದ್ದೆ. ಒಮ್ಮೆ ಅವರು ತಟ್ಟನೆ ಕೈ ಕೆಳಗಿಳಿಸಿ ನಿಂತುಬಿಟ್ಟರು. ನನಗೆ ಅರ್ಥವಾಗುತ್ತಿಲ್ಲ ಎಂದು ಅವರಿಗೆ ಆವತ್ತು ತಿಳಿಯಿತು. ಆಮೇಲೆ ಬಂದಾಗಲೆಲ್ಲ ಬರೀ ತಿಂಡಿ ಕೊಡುತ್ತಿದ್ದರು, ತಲೆ ಬಾಚುತ್ತಿದ್ದರು.

ಈಗ ನನಗೆ ಮೂವತ್ತೆರಡು. ಹೋದ ವರ್ಷದಿಂದ ಆನ್‌ಲೈನ್‌ನಲ್ಲಿ ಸೈನ್ ಭಾಷೆ ಕಲಿಯುತ್ತಿದ್ದೇನೆ. ನನ್ನ ಸ್ವಂತ ಅಮ್ಮನ ಭಾಷೆಯನ್ನು ದುಡ್ಡು ಕೊಟ್ಟು, ಬೇರೆಯವರಿಂದ. ಅಮ್ಮನ ಹತ್ತಿರ ಪ್ರಾಕ್ಟೀಸ್ ಮಾಡಿದರೆ ಅವರು ನನ್ನ ಬೆರಳುಗಳನ್ನು ಹಿಡಿದು ಸರಿ ಮಾಡುತ್ತಾರೆ. ಸಣ್ಣ ಮಗುವಿಗೆ ಅ ಆ ತಿದ್ದಿಸುವ ಹಾಗೆ.

ಕಲಿತದ್ದು ಮಾನಸಗಂಗೋತ್ರಿ

ಶಿರಸಿಯವರ ಪೋಸ್ಟ್ ಓದಿ ಬರೆಯುತ್ತಿದ್ದೇನೆ. ನಾನು ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಓದಿದ ಸ್ಪೀಚ್ ಥೆರಪಿಸ್ಟ್. 'ಕೂಸೂ ಮೂಗಿ ಆಗುತ್ತದೆ' ಎನ್ನುವ ಮಾತನ್ನು ನನ್ನ ಮುಂದೆಯೇ ಎಷ್ಟೋ ಅಜ್ಜಿಯರು ಹೇಳಿದ್ದಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅದು ನಿಜವಲ್ಲ.

ಕಿವಿ ಚೆನ್ನಾಗಿ ಕೇಳುವ ಮಗುವಿಗೆ ಸೈನ್ ಭಾಷೆ ಬಂದರೆ ಮಾತು ನಿಲ್ಲುವುದಿಲ್ಲ. ಎರಡು ಭಾಷೆಯ ಮಗು ಆಗುತ್ತದೆ, ಅಷ್ಟೇ. ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ ಆಡುವ ಮಕ್ಕಳಿಲ್ಲವೇ? ಹಾಗೆ. ಸೈನ್ ಕಾಣುತ್ತಾ ಬೆಳೆಯುವ ಕೂಸು ಕೈಯಲ್ಲೇ ತೊದಲುತ್ತದೆ. ಕೆನಡಾದ ಸಂಶೋಧಕರು 1991ರಲ್ಲಿ ಡೆಫ್ ಕೂಸುಗಳಲ್ಲಿ ಇದನ್ನು ತೋರಿಸಿದರು. ಹತ್ತು ವರ್ಷ ಆದ ಮೇಲೆ ಡೆಫ್ ಅಪ್ಪ ಅಮ್ಮನ ಕೇಳುವ ಕೂಸುಗಳಲ್ಲೂ ಅದನ್ನೇ ಕಂಡರು. ಬಾಯಿಯ 'ಬಬಬ'ದ ಹಾಗೆ ಕೈಯ ತೊದಲಿಗೂ ತನ್ನದೇ ಲಯ ಇರುತ್ತದೆ.

ಮಗುವಿಗೆ ಬೇಕಾದ್ದು ಮಾತಾಡುವ ಜನರ ಒಡನಾಟ. ಪಕ್ಕದ ಮನೆ, ಅಂಗನವಾಡಿ, ಚಿಕ್ಕಪ್ಪನ ಮಕ್ಕಳು. ಟಿವಿ ಹಾಕಿ ಕೂರಿಸಿದರೆ ಸಾಲದು. 1981ರಲ್ಲಿ ಅಮೆರಿಕದಲ್ಲಿ ಒಬ್ಬ ಹುಡುಗನ ಬಗ್ಗೆ ಒಂದು ಅಧ್ಯಯನ ಬಂತು. ಡೆಫ್ ಅಪ್ಪ ಅಮ್ಮ, ಆದರೆ ಅವನ ಜೊತೆ ಸೈನ್ ಮಾಡುತ್ತಿರಲಿಲ್ಲ. ಅವನಿಗೆ ಇಂಗ್ಲಿಷ್ ಕಿವಿಗೆ ಬೀಳುತ್ತಿದ್ದುದು ಹೆಚ್ಚಾಗಿ ಟಿವಿಯಿಂದ. ಮೂರು ವರ್ಷ ದಾಟಿದರೂ ವಾಕ್ಯ ನೆಟ್ಟಗಿರಲಿಲ್ಲ. ದೊಡ್ಡವರು ಎದುರು ಕೂತು ಅವನ ಜೊತೆ ಮಾತಾಡಲು ಶುರು ಮಾಡಿದ ಮೇಲೆ ಬೇಗ ಸರಿಹೋದ. ಅಂದರೆ ಆ ಅಪ್ಪ ಅಮ್ಮ ಕೈಯಾರೆ ತಮ್ಮ ಭಾಷೆ ಕೊಟ್ಟಿದ್ದರೆ ಅವನಿಗೆ ಒಂದು ಪೂರ್ತಿ ಭಾಷೆಯಾದರೂ ಇರುತ್ತಿತ್ತು. ಮಗುವನ್ನು ಅಮ್ಮನಿಂದ ಬೇರೆ ಮಾಡಿ ಮಾತು ಕಲಿಸಬೇಕಾಗಿಲ್ಲ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಬೆರಳು

ನಾನು ಡೆಫ್. ಬೆಂಗಳೂರು. ಇಬ್ಬರು ಮಕ್ಕಳು, ಇಬ್ಬರಿಗೂ ಕೇಳುತ್ತದೆ. ನನ್ನ ಮೊದಲ ಭಾಷೆ ಸೈನ್, ಕನ್ನಡ ಎರಡನೆಯದು.

ಎಲ್ಲರೂ ಬರೆದದ್ದು ಓದಿದೆ. ಒಂದು ವಿಷಯ ಬರೆಯಬೇಕು. 'ಪಾಪ, ಮಕ್ಕಳೇ ಅಪ್ಪ ಅಮ್ಮನನ್ನು ಸಾಕಿದರು' ಎಂದು ಜನ ಹೇಳುತ್ತಾರೆ. ಅದು ಬೇಡ. ಮಕ್ಕಳನ್ನು ನಾವು ಸಾಕಿದ್ದೇವೆ. ಮಗಳು ಕೂಸಾಗಿದ್ದಾಗ ತೊಟ್ಟಿಲಿಗೆ ದಾರ ಕಟ್ಟಿ ಇನ್ನೊಂದು ತುದಿ ನನ್ನ ಕೈಗೆ ಕಟ್ಟಿಕೊಂಡು ಮಲಗುತ್ತಿದ್ದೆ. ಅವಳು ಒದ್ದಾಡಿದರೆ ದಾರ ಎಳೆಯುತ್ತದೆ, ನನಗೆ ಎಚ್ಚರ. ಕೇಳುವ ಪಕ್ಕದ ಮನೆಯವರಿಗಿಂತ ಮೊದಲು ನಾನು ಏಳುತ್ತಿದ್ದೆ. ಮಗನಿಗೆ ಕಥೆ ಹೇಳಿದ್ದು ನಾನೇ. ಹುಲಿ, ಹಸು, ಅದರ ಕರು. ಹುಲಿಯ ಮುಖ ನನ್ನ ಮುಖದಲ್ಲೇ ಬರುತ್ತಿತ್ತು. ಅವನು ಹೆದರಿ ಸೆರಗಿನಲ್ಲಿ ಅಡಗುತ್ತಿದ್ದ.

ನನಗೆ ಕೋಪ ಬರುವುದು ಬೇರೆಯದಕ್ಕೆ. ಸ್ಕೂಲಿನಲ್ಲಿ ಪೇರೆಂಟ್ಸ್ ಮೀಟಿಂಗ್. ಟೀಚರ್ ನನ್ನನ್ನು ನೋಡುವುದಿಲ್ಲ, ಮಗನನ್ನು ನೋಡಿ ಮಾತಾಡುತ್ತಾರೆ. 'ಅಮ್ಮನಿಗೆ ಹೇಳು, ನೀನು ಕ್ಲಾಸಿನಲ್ಲಿ ಗಲಾಟೆ' ಎಂದು. ಅವನು ನನಗೆ ಹೇಳುತ್ತಾನೆ: ಒಳ್ಳೆ ಹುಡುಗ ಅಂತೆ. ಎಂಟು ವರ್ಷದ ಹುಡುಗ ಇನ್ನೇನು ಹೇಳುತ್ತಾನೆ?

ಇನ್ನೊಂದು. ನಾನು ಓದಿದ ಶಾಲೆಯಲ್ಲಿ ಸೈನ್ ಮಾಡಿದರೆ ಕೈ ಹಿಂದೆ ಕಟ್ಟಿ ಕೂರಿಸುತ್ತಿದ್ದರು. ತುಟಿ ನೋಡಿ ಕಲಿ ಎಂದು. ತುಟಿಯಲ್ಲಿ ಪ, ಬ, ಮ ಮೂರೂ ಒಂದೇ ಥರ. ಕನ್ನಡಿ ಮುಂದೆ ನಿಂತು ದನಿ ಇಲ್ಲದೆ 'ಮಾವ' ಹೇಳಿ ನೋಡಿ, 'ಬಾವ' ಹೇಳಿ ನೋಡಿ. ಕ, ಗ ಗಂಟಲಿನ ಹತ್ತಿರ ಹುಟ್ಟುತ್ತವೆ, ತುಟಿಗೆ ಬರುವುದೇ ಇಲ್ಲ. 1880ರಲ್ಲಿ ಮಿಲಾನ್ ಊರಿನಲ್ಲಿ ಟೀಚರ್‌ಗಳ ದೊಡ್ಡ ಸಭೆ ಸೇರಿ ಶಾಲೆಯಲ್ಲಿ ಸೈನ್ ಬೇಡ, ಬಾಯಿಮಾತೇ ಸಾಕು ಎಂದು ತೀರ್ಮಾನ ಮಾಡಿತು. ಅದಕ್ಕೆ ವಿಷಾದ ಹೇಳಿದ್ದು 2010ರಲ್ಲಿ, ವ್ಯಾಂಕೂವರ್ ಸಭೆಯಲ್ಲಿ. 130 ವರ್ಷ. ಆ ವರ್ಷಗಳ ಒಳಗೆ ನನ್ನ ಬಾಲ್ಯವೂ ಇದೆ.

ಒಂಟಿಕೊಪ್ಪಲು ಮಗಳೇ, ನಿನ್ನ ಅಮ್ಮನ ಜಾಗದಲ್ಲಿ ನಾನಿದ್ದರೆ ನಿನ್ನ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಸ್ಕ್ಯಾನ್ ದಿನ ನೀನು ಬರೀ ಮಗಳಾಗಿ ಹೋಗು.

ಶಿರಸಿ ಮೊಮ್ಮಗಳು

ಬೆರಳು ಅವರೇ, ಹುಲಿ ಕಥೆ ಓದಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. 'ನನಗೂ ಹುಲಿ ಕಥೆ ಹೇಳಿದ್ದೆಯಾ' ಎಂದು ಕೇಳಿದೆ. ಹೇಳಿದ್ದರಂತೆ. ಫೋನ್ ಗೋಡೆಗೆ ಒರಗಿಸಿ ಇಡು ಎಂದರು. ಎರಡೂ ಕೈ ಬೇಕಲ್ವಾ. ಪೂರ್ತಿ ಇನ್ನೊಂದು ಸಲ ಹೇಳಿದರು.

ಹುಬ್ಬಳ್ಳಿ ಹಳೇಪೇಟೆ

ಈ ವಿಡಿಯೋ ಕಾಲ್ ಬಂದ ಮೇಲೆ ನಮ್ಮ ಮನೆಗಳಲ್ಲಿ ಆದ ಬದಲಾವಣೆ ಹೊರಗಿನವರಿಗೆ ಗೊತ್ತಾಗುವುದಿಲ್ಲ. 2016ಕ್ಕೆ ಮುಂಚೆ ನಾನು ಪುಣೆಯಲ್ಲಿ ಕೆಲಸಕ್ಕಿದ್ದೆ. ಅಪ್ಪನಿಗೆ ಎಸ್‌ಎಂಎಸ್ ಕಳಿಸುತ್ತಿದ್ದೆ. 'ಊಟ ಆಯ್ತು', 'ಸಂಬಳ ಬಂತು'. ನಾಲ್ಕು ನಾಲ್ಕು ಪದ. ಆ ವರ್ಷ ಜಿಯೋ ಬಂತು, ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಬಂತು. ಮೊದಲ ರಾತ್ರಿ ಅಪ್ಪ ಒಂದೂವರೆ ತಾಸು ಫೋನ್ ಬಿಡಲಿಲ್ಲ. ಅವ್ವ ಹಿಂದೆ ನಿಂತು 'ನನಗೆ ಕೊಡು' ಎಂದು ಅಪ್ಪನ ಹೆಗಲು ತಟ್ಟುತ್ತಲೇ ಇದ್ದಳು.

ಪದಗಳ ಬಗ್ಗೆ

ಒಂದು ಪ್ರಶ್ನೆ. ನಾವೆಲ್ಲ ಮೂಗ, ಕಿವುಡ ಎಂದೇ ಕೇಳಿ ಬೆಳೆದವರು. ಈಗ ಕಾಗದದಲ್ಲಿ 'ಶ್ರವಣದೋಷವುಳ್ಳವರು' ಎಂದು ಬರುತ್ತದೆ. ನಿಮಗೆ ಯಾವುದು ಸರಿ?

ಬೆರಳು

ಮೂಗ, ಮೂಗಿ ಬೇಡ. ನಮಗೆ ಮಾತು ಇದೆ, ಕೈಯಲ್ಲಿದೆ. 'ದೋಷ' ಎಂಬ ಪದವೂ ನನಗೆ ಇಷ್ಟವಿಲ್ಲ. ಕಿವುಡ ಎಂದರೆ ನನಗೆ ಬೇಸರ ಇಲ್ಲ, ಬೈಗುಳದ ಹಾಗೆ ಹೇಳದಿದ್ದರೆ ಸಾಕು. ನಾವು ನಮ್ಮಲ್ಲಿ ಡೆಫ್ ಎನ್ನುತ್ತೇವೆ.

ಸ್ಯಾನ್ ಹೋಸೆ ಕನ್ನಡತಿ

ನಾನು ಇಲ್ಲಿ ಕ್ಯಾಲಿಫೋರ್ನಿಯಾದ ಒಂದು ಕ್ಲಿನಿಕ್‌ನಲ್ಲಿ ಫ್ರಂಟ್ ಡೆಸ್ಕ್ ಕೆಲಸ ಮಾಡುತ್ತೇನೆ. ಇಲ್ಲಿನ ನಿಯಮ ಹೇಳಿದರೆ ಉಪಯೋಗ ಆಗಬಹುದು. 1990ರ ಅಂಗವಿಕಲರ ಕಾಯ್ದೆಯಡಿ 2010ರಲ್ಲಿ ಬಂದ ನಿಯಮಗಳಲ್ಲಿ ನೇರವಾಗಿ ಬರೆದಿದ್ದಾರೆ: ಚಿಕ್ಕ ಮಕ್ಕಳನ್ನು ಇಂಟರ್‌ಪ್ರಿಟರ್ ಆಗಿ ಬಳಸಬಾರದು. ಯಾರದಾದರೂ ಸುರಕ್ಷತೆಗೋ ಕ್ಷೇಮಕ್ಕೋ ತಕ್ಷಣದ ಅಪಾಯ ಇರುವ ತುರ್ತು ಇದ್ದು, ಇಂಟರ್‌ಪ್ರಿಟರ್ ಸಿಗದಿದ್ದರೆ ಮಾತ್ರ ವಿನಾಯಿತಿ. ಇಂಟರ್‌ಪ್ರಿಟರ್ ಖರ್ಚು ಆಸ್ಪತ್ರೆಯದ್ದು, ರೋಗಿಯದ್ದಲ್ಲ. ನಾವು ಟ್ಯಾಬ್ಲೆಟ್‌ನಲ್ಲಿ ವಿಡಿಯೋ ಇಂಟರ್‌ಪ್ರಿಟರ್ ತೆರೆಯುತ್ತೇವೆ.

ಕಾನೂನು ಓದುವವನು

ನಮ್ಮಲ್ಲೂ ದಾರಿ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ 25ನೇ ಸೆಕ್ಷನ್ ಆಸ್ಪತ್ರೆಗಳಿಗೆ ಸಂಬಂಧಿಸಿದ್ದು. ಸರ್ಕಾರಿ, ಖಾಸಗಿ ಎರಡರಲ್ಲೂ ಎಲ್ಲ ಭಾಗಗಳು ತಡೆಯಿಲ್ಲದೆ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು ಎನ್ನುತ್ತದೆ. 'ತಡೆ' ಎಂದರೆ ಬರೀ ಮೆಟ್ಟಿಲಲ್ಲ. ಸಂವಹನದ ತಡೆಯೂ ತಡೆಯೇ ಎಂದು ಅದೇ ಕಾಯ್ದೆ ಹೇಳುತ್ತದೆ. ಇದನ್ನು ಹಿಡಿದು ಕೇಳಬಹುದು.

ಕೋರ್ಟಿನಲ್ಲಿ ಆಗಿದೆ ನೋಡಿ. ಬೆಂಗಳೂರಿನ ಡೆಫ್ ವಕೀಲೆ ಸಾರಾ ಸನ್ನಿ ಅವರು 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಟರ್‌ಪ್ರಿಟರ್ ಮೂಲಕ ಹಾಜರಾದರು. 2024ರ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಕೂಡ ಅವರ ವಾದವನ್ನು ಹಾಗೆಯೇ ಕೇಳಿತು. ಕೋರ್ಟಿನಲ್ಲಿ ಆಗುವುದಾದರೆ ಒಪಿಡಿಯಲ್ಲಿ ಯಾಕೆ ಆಗಬಾರದು?

ವಾರ್ಡ್ ನರ್ಸ್

ಹದಿನೈದು ವರ್ಷದಿಂದ ನರ್ಸ್ ನಾನು. ಮೊದಲ ಪೋಸ್ಟ್ ಓದಿ ಎದೆ ಭಾರ ಆಯಿತು. ಮಗು ಜೊತೆಗಿದ್ದರೆ ನಾವೂ ಮಗುವನ್ನೇ ಕೇಳಿದ್ದೇವೆ. ಹೊರಗೆ ಕ್ಯೂ ಇರುತ್ತದೆ, ಬೇಗ ಮುಗಿಯಲಿ ಎಂದು. ಆ ಮಗುವಿನ ಮೇಲೆ ಏನು ಹೊರಿಸುತ್ತಿದ್ದೇವೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಇಂಟರ್‌ಪ್ರಿಟರ್ ಬರುವ ತನಕ ನಾವು ಏನು ಮಾಡಬಹುದು, ಹೇಳಿ. ನಿಜವಾಗಿ ಕೇಳುತ್ತಿದ್ದೇನೆ.

ಬೆರಳು

ಸಿಸ್ಟರ್, ಕೇಳಿದ್ದಕ್ಕೆ ಸಂತೋಷ. ಮೊದಲು ಮಾಸ್ಕ್ ಕೆಳಗೆ ಇಳಿಸಲು ಆಗುತ್ತದಾ ನೋಡಿ, ಮುಖ ಕಾಣಬೇಕು. ನನ್ನನ್ನು ನೋಡಿ ಮಾತಾಡಿ. ಹೆಸರು ಕೂಗಬೇಡಿ, ಬಂದು ಭುಜ ಮುಟ್ಟಿ ಕರೆಯಿರಿ. ಎಷ್ಟೋ ಸಲ ನನ್ನ ಸರದಿ ಕೂಗಿ ಕೂಗಿ ಮುಂದಕ್ಕೆ ಹೋಗಿದೆ. ಚಿತ್ರ ಬಿಡಿಸಿ, ದೇಹದ ಚಿತ್ರ ಇದ್ದರೆ ತೋರಿಸಿ. ಬರೆಯುವುದಾದರೆ ಚಿಕ್ಕ ಚಿಕ್ಕ ವಾಕ್ಯ. ದೆಹಲಿಯ ಸಂಕೇತ ಭಾಷಾ ಕೇಂದ್ರದ ಡಿಕ್ಷನರಿ ಇದೆ, ಫೋನಿನಲ್ಲೇ ಸಿಗುತ್ತದೆ. 2021ರ ಹೊತ್ತಿಗೆ 10,000 ಪದ ಆಗಿದೆ, ವಿಡಿಯೋ ನೋಡಿ ಕಲಿಯಬಹುದು. ನೋವು, ಜ್ವರ, ಮಾತ್ರೆ, ಇಷ್ಟು ಬಂದರೂ ನಮಗೆ ಧೈರ್ಯ. ಕೈ ತೊಳೆದು ಬಂದು 'ನೋವು ಎಲ್ಲಿ' ಎಂದು ನೀವು ಸೈನ್ ಮಾಡಿದರೆ ಆ ಅಮ್ಮನ ಮುಖ ನೋಡಿ, ಗೊತ್ತಾಗುತ್ತದೆ. ಪ್ರಶ್ನೆಯ ಪದ ನಮ್ಮಲ್ಲಿ ಕೊನೆಗೆ ಬರುತ್ತದೆ, ನೆನಪಿರಲಿ. ನೋವು, ಆಮೇಲೆ ಎಲ್ಲಿ.

ಒಂಟಿಕೊಪ್ಪಲು ಮಗಳು

ತಡವಾಗಿ ಬರೆಯುತ್ತಿದ್ದೇನೆ. ಸ್ಕ್ಯಾನ್ ಮುಗಿಯಿತು.

ನಿಮ್ಮೆಲ್ಲರ ಮಾತು ಓದಿ ಡೆಫ್ ಸಂಘದ ಗೆಳೆಯರನ್ನು ವಿಚಾರಿಸಿದೆ. ಅವರ ಕಡೆಯಿಂದ ತರಬೇತಿ ಪಡೆದ ಒಬ್ಬ ಇಂಟರ್‌ಪ್ರಿಟರ್ ಸಿಕ್ಕಿದರು. ನೇರವಾಗಿ ಬರಲು ಆಗಲಿಲ್ಲ, ವಿಡಿಯೋದಲ್ಲಿ ಬಂದರು. ಡಾಕ್ಟರ್ ಮೊದಲು 'ಮಗಳು ಇದ್ದೀರಲ್ಲ, ಸಾಕಲ್ವಾ' ಎಂದರು. 'ಇವತ್ತು ನಾನು ಕೈ ಕಟ್ಟಿ ಕೂರುತ್ತೇನೆ ಸರ್' ಎಂದೆ. ಅವರು ಬೇಸರ ಮಾಡಲಿಲ್ಲ. ಫೋನನ್ನು ತಮ್ಮ ಪೆನ್ ಸ್ಟ್ಯಾಂಡ್‌ಗೆ ಒರಗಿಸಿ ಇಟ್ಟುಕೊಂಡರು.

ಕೈ ಕಟ್ಟಿ ಕೂರುವುದು ಎಷ್ಟು ಕಷ್ಟ ಗೊತ್ತಾ? ಡಾಕ್ಟರ್ ಬಾಯಿ ತೆರೆದ ಕೂಡಲೇ ನನ್ನ ಬೆರಳು ತಾನಾಗಿಯೇ ಏಳುತ್ತಿತ್ತು. ಎರಡು ಸಲ ಅಮ್ಮ ನನ್ನ ಕೈ ಹಿಡಿದು ಮಡಿಲಲ್ಲಿ ಇಟ್ಟರು.

ಸ್ಕ್ಯಾನ್‌ನಲ್ಲಿ ಗಾಬರಿಯ ವಿಷಯ ಇಲ್ಲ. ಅದನ್ನು ಹೇಳಿ ಡಾಕ್ಟರ್ ಫೈಲ್ ಮುಚ್ಚಲು ಹೋದರು. ಆಗ ಅಮ್ಮ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ 1996ರ ಡಿಸ್ಚಾರ್ಜ್ ಕಾಗದ. ಮಡಿಕೆಯ ಜಾಗದಲ್ಲಿ ಹರಿದಿತ್ತು, ಅಮ್ಮ ಹಿಂದಿನಿಂದ ಬಟ್ಟೆ ಪಟ್ಟಿ ಅಂಟಿಸಿದ್ದರು. ಇಷ್ಟು ವರ್ಷ ಅದು ಮನೆಯಲ್ಲಿ ಎಲ್ಲಿತ್ತು ಎಂದು ನನಗೆ ಗೊತ್ತಿರಲಿಲ್ಲ. ಅದನ್ನು ಡಾಕ್ಟರ್ ಮುಂದೆ ಇಟ್ಟು ಅಮ್ಮ ಫೋನಿನ ಕಡೆ ತಿರುಗಿ ಕೇಳಿದರು. ಆಗ ನನಗೆ ಏನಾಗಿತ್ತು? ಏನು ತೆಗೆದರು? ಎಲ್ಲವನ್ನೂ ತೆಗೆದರಾ? ತೆಗೆಯದೇ ಬೇರೆ ದಾರಿ ಇತ್ತಾ?

ಇಪ್ಪತ್ತೊಂಬತ್ತು ವರ್ಷದಲ್ಲಿ ಈ ಪ್ರಶ್ನೆಗಳನ್ನು ನನ್ನ ಹತ್ತಿರ ಒಮ್ಮೆಯೂ ಕೇಳಿರಲಿಲ್ಲ.

ಡಾಕ್ಟರ್ ಕಾಗದ ಓದಿದರು, ಒಂದು ಹಾಳೆಯಲ್ಲಿ ಚಿತ್ರ ಬಿಡಿಸಿದರು. ಗರ್ಭಕೋಶದಲ್ಲಿ ದೊಡ್ಡ ಫೈಬ್ರಾಯ್ಡ್ ಗಡ್ಡೆಗಳಿದ್ದವು. ಕ್ಯಾನ್ಸರ್ ಅಲ್ಲ. ಗರ್ಭಕೋಶ ಮಾತ್ರ ತೆಗೆದಿದ್ದಾರೆ, ಅಂಡಾಶಯ ಬಿಟ್ಟಿದ್ದಾರೆ. ಆಗಿನ ಸ್ಥಿತಿಯಲ್ಲಿ ಅಷ್ಟು ರಕ್ತ ಹೋಗುತ್ತಿದ್ದರೆ ತೆಗೆಯುವುದೇ ವಾಡಿಕೆ ಇತ್ತು ಎಂದರು. ಅಮ್ಮ ಇಂಟರ್‌ಪ್ರಿಟರ್ ಹತ್ತಿರ ಎರಡು ಸಲ ಮತ್ತೆ ಹೇಳಿಸಿದರು. ಗಡ್ಡೆಯ ಹೆಸರನ್ನು ಒಂದೊಂದೇ ಅಕ್ಷರವಾಗಿ ತೋರಿಸಿ ಎಂದರು.

ಮನೆಗೆ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಮಡಿಲಲ್ಲಿ ಅವರ ಕೈ ಆಡುತ್ತಿತ್ತು. ಎಫ್. ಐ ಬಂದಾಗ ನಡುಬೆರಳಿನ ತುದಿ. ಬಿ, ಆರ್. ಓ ಬಂದಾಗ ಉಂಗುರದ ಬೆರಳು. ಮತ್ತೆ ಐ, ಡಿ. ಒಮ್ಮೆ ತಪ್ಪಿತು. ನನ್ನ ಮೊಣಕೈ ತಟ್ಟಿ 'ಸರಿಯಾ' ಎಂದು ಹುಬ್ಬು ಎತ್ತಿದರು. ಆರ್ ಬಿಟ್ಟಿದ್ದಾರೆ ಎಂದು ತೋರಿಸಿದೆ. ಮೊದಲಿನಿಂದ ಮತ್ತೆ ಶುರು ಮಾಡಿದರು.